ಹಬ್ಬಕ್ಕೆ ತೊಳೆದ ಯಂತ್ರ

ಪುಟ್ಟುವಿನ ಶಾಲೆಯ ದೊಡ್ಡ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ಒಳ್ಳೆಯ ಹೆಂಗಸು. ಕೆಟ್ಟ ಮಾತನ್ನು ಅವರು ಯಾವಾಗಲೂ ಚಹಾ ಕೊಟ್ಟ ಮೇಲೆಯೇ ಹೇಳುತ್ತಿದ್ದರು. ಆ ದಿನ ಚಹಾದ ಜೊತೆ ಬಿಸ್ಕೀಟೂ ಬಂದಾಗ ನಾನು ಕುರ್ಚಿಯ ತುದಿಗೆ ಸರಿದು ಕುಳಿತೆ.

“ನಿಮ್ಮ ಹುಡ್ಗಿ ಹುಷಾರಿ. ಅದ್ರಲ್ಲಿ ಎರಡು ಮಾತಿಲ್ಲ,” ಎಂದರು. “ಆದ್ರೆ ಈಗೀಗ ನಾ ಬೋರ್ಡಿನ ಬದಿಗೆ ತಿರುಗಿದ್ರೆ ಅವ್ಳಿಗೆ ಪಾಠ ನಿಂತೇ ಹೋಗ್ತದೆ. ನನ್ನ ತುಟಿ ಕಂಡ್ರೆ ಮಾತ್ರ ಪಾಠ. ದಸರಾ ರಜೆ ಮುಗಿಯೂದ್ರೊಳಗೆ ಆ ಕಿವಿದೊಂದು ವ್ಯವಸ್ಥೆ ಮಾಡಿ. ಆಗ್ಲಿಲ್ಲ ಅಂದ್ರೆ ಅಂಥ ಮಕ್ಕಳದ್ದೇ ಶಾಲೆ ಅದ್ಯಲ್ಲ, ಘಟ್ಟದ ಮೇಲೆ...”

ಘಟ್ಟದ ಮೇಲಿನ ಆ ಶಾಲೆಯನ್ನು ನಾನು ನೋಡಿದ್ದೆ. ಸ್ವಚ್ಛವಾಗಿತ್ತು, ಶಿಕ್ಷಕರು ಪ್ರೀತಿಯವರು. ಆದರೆ ಅಲ್ಲಿ ಸೇರಿದರೆ ಹಾಸ್ಟೆಲಿನಲ್ಲಿ ಇರಬೇಕು. ಪುಟ್ಟುವಿಗೆ ಎಂಟು ವರ್ಷ. ಮಲಗುವಾಗ ನನ್ನ ಗಂಟಲಿನ ಮೇಲೆ ಕೈಯಿಟ್ಟುಕೊಂಡು ಕಥೆ ಕೇಳುವ ಮಗು. ಅವಳನ್ನು ಅಂಕೋಲೆಯಲ್ಲೇ, ಬೆಳಂಬಾರದ ನಮ್ಮ ಮನೆಯಲ್ಲೇ ಉಳಿಸಿಕೊಳ್ಳಬೇಕು. ಆ ವರ್ಷ ನನಗಿದ್ದದ್ದು ಅದೊಂದೇ ಯೋಚನೆ.

ಪುಟ್ಟುವಿನ ಕಿವಿ ಪೂರ್ತಿ ಹೋಗಿರಲಿಲ್ಲ. ಗುಡುಗು, ಬಸ್ಸಿನ ಎಂಜಿನ್ನು, ಸಮುದ್ರದ ಮೊರೆತ ಇವೆಲ್ಲ ಅವಳಿಗೆ ಬರಿಗಿವಿಗೂ ಕೇಳುತ್ತಿದ್ದವು. ಸಣ್ಣ ಚೂಪು ಸದ್ದುಗಳು ಮಾತ್ರ ಇಲ್ಲ. ಕಿವಿಯ ಯಂತ್ರ ತೆಗೆದಿಟ್ಟರೆ ‘ಕಾಕಾ’ ಎನ್ನುವುದು ಅವಳಿಗೆ ‘ಆಆ’ ಎಂದು ಕೇಳುತ್ತಿತ್ತು. ಹಾಗಾಗಿ ಎಲ್ಲವನ್ನೂ ಒಂದೇ ಸಮನೆ ದೊಡ್ಡದು ಮಾಡುವ ಸಾದಾ ಯಂತ್ರ ಅವಳಿಗೆ ಆಗುವುದಿಲ್ಲ. ಒಮ್ಮೆ ಹಾಕಿ ನೋಡಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ತಲೆ ಹಿಡಿದುಕೊಂಡು ಕಿರುಚಿ, ಕಿತ್ತೆಸೆದಿದ್ದಳು. ಅವಳು ಎರಡು ವರ್ಷದವಳಿದ್ದಾಗ ಕಾರವಾರದ ಶಿಬಿರವೊಂದರಲ್ಲಿ ದಾನಿಗಳು ಕೊಟ್ಟ ಯಂತ್ರಗಳು ಬೇರೆ ಥರದವು. ಅವನ್ನು ಕಂಪ್ಯೂಟರಿಗೆ ಜೋಡಿಸಿ, ಯಾವ ಸದ್ದು ಎಷ್ಟು ಬೇಕೋ ಅಷ್ಟೇ ಏರಿಸಿ ಕೂರಿಸಬಹುದಿತ್ತು. ದಸರೆಗೆ ಮುಂಚಿನ ಮಳೆಗಾಲದಲ್ಲಿ ಅವಳ ಕಿವಿ ಇನ್ನಷ್ಟು ಇಳಿದಿತ್ತು. ಯಂತ್ರವನ್ನು ಮತ್ತೊಮ್ಮೆ ಕೂರಿಸಿದರೆ ಸಾಕಿತ್ತು.

ನಾನು ಕಾರವಾರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಶ್ರವಣ ಕೇಂದ್ರಕ್ಕೆ ಹೋದೆ. ಅಲ್ಲಿ ಎಲ್ಲ ಹೊಸದಾಗಿತ್ತು. ಹೊಸ ಗಾಜಿನ ಬಾಗಿಲು, ಚಪ್ಪಟೆ ಪರದೆಯ ಕಂಪ್ಯೂಟರು. ಕೂತಿದ್ದ ಹುಡುಗಿ ಪುಟ್ಟುವಿನ ಯಂತ್ರವನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಳು.

“ಈ ಮಾಡೆಲ್ ನಮ್ಮ ಸಾಫ್ಟ್‌ವೇರಿಗೆ ಗೊತ್ತೇ ಇಲ್ಲ ಮೇಡಂ. ಹಳೇ ಸಾಫ್ಟ್‌ವೇರು ಈ ವಿಂಡೋಸಿನಲ್ಲಿ ಓಡೂದಿಲ್ಲ. ಹಳೇ ಸಿಸ್ಟಮ್ಮು ಗುಜರಿಗೆ ಹೋಯ್ತು.”

“ಯಂತ್ರ ಸರಿ ಇದೆಯಲ್ಲ?”

“ಯಂತ್ರಕ್ಕೆ ಎಂತಾ ಆಗ್ಲಿಲ್ಲ. ನೀವು ಹೊಸದೇ ತಕಳಿ. ಈಗ ಚೊಲೋ ಚೊಲೋ ಬಂದಾವೆ.”

ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಇವರು, ಪುಟ್ಟುವಿನ ಅಪ್ಪ, ಗೋವೆಯಲ್ಲಿ ಅದಿರು ಸಾಗಿಸುವ ಬಾರ್ಜಿನಲ್ಲಿ ಕೆಲಸಕ್ಕಿದ್ದರು. ಮಳೆಗಾಲ ಮುಗಿದು ಕೆಲಸ ಈಗಷ್ಟೇ ಶುರುವಾಗಿತ್ತು. ಫೋನಿನಲ್ಲಿ ಹೇಳಿದಾಗ, “ನೀ ಓದ್ದವಳು, ನೀನೇ ಹುಡ್ಕು ಮಾರಾಯ್ತಿ,” ಎಂದರು. ಬೈಗುಳವಲ್ಲ ಅದು, ನಂಬಿಕೆ. ಆದರೂ ನನಗೆ ಸಿಟ್ಟು ಬಂತು.

ಹುಡುಕಿದೆ. ಕಾರವಾರದ ಸೈಬರ್ ಕೆಫೆಯ ಮೂಲೆಯ ಕುರ್ಚಿ ನನ್ನದೇ ಎನ್ನುವಂತಾಯಿತು. ಯಂತ್ರ ಮಾಡಿದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತ್ತು. ಕೊಂಡ ಕಂಪನಿಯವರು ಬಹಳ ವಿನಯದಿಂದ ಉತ್ತರ ಬರೆದರು. ಆ ಮಾದರಿಗೆ ತಮ್ಮ ಸೇವೆ ಮುಗಿದಿದೆ, ತಮ್ಮ ಮೇಲೆ ನಾನಿಟ್ಟ ವಿಶ್ವಾಸಕ್ಕೆ ಧನ್ಯವಾದ. ಹಳೆಯ ಸಾಫ್ಟ್‌ವೇರ್ ಕೂಡಿಡುವ ಜನರ ಒಂದು ತಾಣ ಸಿಕ್ಕಿತು. ಮಕ್ಕಳ ಆಟಗಳು, ಪ್ರಿಂಟರಿನ ಹಳೆಯ ಡ್ರೈವರುಗಳು, ಯಾರಿಗೂ ಬೇಡವಾದದ್ದೆಲ್ಲ ಅಲ್ಲಿತ್ತು. ನನಗೆ ಬೇಕಾದದ್ದು ಇರಲಿಲ್ಲ. ಯಂತ್ರ ಕೆಟ್ಟಿಲ್ಲ, ಕಿವಿ ಪೂರ್ತಿ ಹೋಗಿಲ್ಲ. ಎರಡನ್ನೂ ಕೂಡಿಸುವ ಒಂದು ಹಳೆಯ ಪ್ರೋಗ್ರಾಮು ಮಾತ್ರ ಜಗತ್ತಿನಿಂದ ಮಾಯವಾಗಿತ್ತು.

ಕೊನೆಗೆ ದಾರಿ ತೋರಿಸಿದವರು ಹೇರಂಬ ಹೆಗಡೆಯವರು. ಶಿಬಿರದಲ್ಲಿ ಪುಟ್ಟುವಿನ ಯಂತ್ರ ಕೂರಿಸಿದವರು ಅವರೇ. ಶ್ರವಣ ಕೇಂದ್ರದಿಂದ ನಿವೃತ್ತರಾಗಿ ರಾಮನಗುಳಿಯಲ್ಲಿದ್ದಾರೆಂದು ತಿಳಿದು, ಒಂದು ಭಾನುವಾರ ಯಲ್ಲಾಪುರದ ಬಸ್ಸು ಹತ್ತಿದೆ. ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದ ಅವರು ಪುಟ್ಟುವಿನ ಹೆಸರು ಹೇಳಿದೊಡನೆ, “ಬಲಗಿವಿಗಿಂತ ಎಡಗಿವಿ ಸ್ವಲ್ಪ ಅಡ್ಡಿಲ್ಲ ಇತ್ತಲ್ದಾ?” ಎಂದರು. ನನಗೆ ಅಲ್ಲೇ ಅಳು ಬಂತು.

ಒಳಗಿನಿಂದ ಅವರು ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಿಳಿ ಪೆಟ್ಟಿಗೆ, ಒಂದಿಷ್ಟು ತಂತಿ, ಆ ಹಳೆಯ ಪ್ರೋಗ್ರಾಮಿನ ಫ್ಲಾಪಿ ತಂದರು.

“ಒಗೆಯಲಿಕ್ಕೆ ಇಟ್ಟಿದ್ರು ಅಮ್ಮಾ. ಮನಸ್ಸು ಬರ್ಲಿಲ್ಲ, ತಂದೆ. ಹಳೇ ವಿಂಡೋಸಿರೋ ಸಿಸ್ಟಮ್ಮು ಬೇಕು, ಅದಕ್ಕೆ ಒಂಬತ್ತು ಪಿನ್ನಿನ ಹಳೇ ಪೋರ್ಟು ಬೇಕು. ಅದು ನನ್ನ ಹತ್ರ ಇಲ್ಲ.” ಫ್ಲಾಪಿಯನ್ನು ನನ್ನ ಕೈಗೆ ಕೊಟ್ಟವರು ಅದನ್ನು ಬಿಡದೆ ಹಿಡಿದುಕೊಂಡೇ ಹೇಳಿದರು. “ಒಂದು ಮಾತು ನೆನಪಿಡಿ. ಈ ಫ್ಲಾಪಿಯಲ್ಲಿ ಒಂದೇ ಒಂದು ಪರವಾನಗಿ ಉಂಟು. ಕಂಪ್ಯೂಟರಿಗೆ ಹಾಕಿದ ಕೂಡ್ಲೆ ಅದು ಫ್ಲಾಪಿಯಿಂದ ಅಲ್ಲಿಗೆ ಹೋಗ್ತದೆ. ಇದು ಖಾಲಿ. ತೆಗೆಯೂದಿದ್ರೆ ಮೊದ್ಲು ಅದನ್ನ ಫ್ಲಾಪಿಗೆ ವಾಪಸ್ ಕರ್ಕೊಳ್ಬೇಕು. ಕರ್ಕೊಳ್ದೆ ಆ ಕಂಪ್ಯೂಟರು ಹಾಳಾದ್ರೆ, ಮುಗೀತು. ಕಾಪಿ ಮಾಡಿದ್ರೂ ಬರೂದಿಲ್ಲ.”

“ಹಾಳಾಗಲು ಬಿಡುವುದಿಲ್ಲ,” ಎಂದೆ.

ನವರಾತ್ರಿಯಲ್ಲಿ ಅವರ ಮನೆಯಲ್ಲಿ ದಿನವೂ ಪೂಜೆ, ಊರು ಬಿಡುವಂತಿರಲಿಲ್ಲ. ವಿಜಯದಶಮಿಯ ಮರುದಿನ ಕಾರವಾರದ ಸ್ನೇಹಿತರಿಂದ ಕಿವಿ ಪರೀಕ್ಷೆಯ ಉಪಕರಣ ಕಡ ತಂದು ಅಂಕೋಲೆಗೆ ಬರುತ್ತೇನೆ, ಅಷ್ಟರಲ್ಲಿ ಕಂಪ್ಯೂಟರ್ ಸಿದ್ಧ ಮಾಡಿಟ್ಟುಕೊಳ್ಳಿ ಎಂದರು.

ಅಂಥ ಕಂಪ್ಯೂಟರು ನಮ್ಮ ಮನೆಯಲ್ಲೇ ಇತ್ತು ಎನ್ನಬೇಕು. ಮೈದುನ ಜಗದೀಶ ಅಂಕೋಲೆಯ ಪೇಟೆಯಲ್ಲಿ ಝೆರಾಕ್ಸು, ಟೈಪಿಂಗಿನ ಅಂಗಡಿ ನಡೆಸುತ್ತಿದ್ದ. ಹೊಸ ಕಂಪ್ಯೂಟರು ತಂದ ಮೇಲೆ ಹಳೆಯದರ ಮೇಲೆ ಬಟ್ಟೆ ಹೊದೆಸಿ, ಅದರ ಮೇಲೆ ಕಾಗದದ ಕಟ್ಟುಗಳನ್ನು ಪೇರಿಸಿದ್ದ.

“ಈ ಮುದ್ಕಿನ ಎಬ್ಬಿಸ್ತಿಯೇ ಅತ್ಗೆ? ಎದ್ರೂ ಕೆಮ್ತದೆ,” ಎಂದು ನಕ್ಕ. ಆದರೂ ಕಟ್ಟುಗಳನ್ನು ತಾನೇ ಇಳಿಸಿ, ತಾನೇ ಮೇಜು ಸರಿಸಿ ಕೊಟ್ಟ. ಜಗದೀಶ ಹಾಗೆಯೇ. ನಮ್ಮ ಮದುವೆಯಾದಾಗ ಹೈಸ್ಕೂಲು ಹುಡುಗ. ಪುಟ್ಟು ಹುಟ್ಟಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತವನು. ಅವಳಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಮಾತ್ರ ಅವನು ಒಮ್ಮೆಯೂ ಒಪ್ಪಲಿಲ್ಲ. “ಅವ್ಳಿಗೆ ಎಲ್ಲಾ ಕೇಳ್ತದೆ, ನಾಟಕ ಮಾಡ್ತಾಳೆ,” ಎನ್ನುತ್ತಿದ್ದ.

ಮುದುಕಿ ಎದ್ದಳು. ಆದರೆ ಒಂಬತ್ತು ಪಿನ್ನಿನ ಪೋರ್ಟು ಉಪ್ಪುಗಾಳಿಗೆ ಹಸಿರುಗಟ್ಟಿತ್ತು. ಕಾರವಾರದ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಅಂಥದೇ ಪೋರ್ಟಿರುವ ಹಳೆಯ ಕಾರ್ಡೊಂದು ಸಿಕ್ಕಿತು. ಅದನ್ನು ನಡೆಸುವ ಪ್ರೋಗ್ರಾಮು, ಡ್ರೈವರು, ಇರಲಿಲ್ಲ. ಹಿಂದೆ ನನಗೆ ಉಪಯೋಗಕ್ಕೆ ಬಾರದ ಆ ತಾಣ ಈಗ ಉಪಯೋಗಕ್ಕೆ ಬಂತು. ಯಾವುದೋ ದೇಶದ ಯಾವನೋ ಪುಣ್ಯಾತ್ಮ ಆ ಡ್ರೈವರನ್ನು ಅಲ್ಲಿ ಏರಿಸಿಟ್ಟಿದ್ದ. ಅದನ್ನು ಬೇರೊಂದು ಫ್ಲಾಪಿಗೆ ಇಳಿಸಿಕೊಂಡು, ಬಸ್ಸಿನಲ್ಲಿ ಬಿಣಗಾ ದಾಟುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಬೆವರು ತಾಗೀತೆಂದು ಹೆದರಿ ಊಟದ ಡಬ್ಬಿಯೊಳಗೆ ಇಟ್ಟೆ.

ಹೆಗಡೆಯವರು ಫೋನಿನಲ್ಲಿ ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ಅವರ ಫ್ಲಾಪಿ ಕರಕರ ಎಂದಿತು. ಬಿಳಿ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಪರದೆಯ ಮೇಲೆ ಎರಡು ಕಿವಿಗಳ ಚಿತ್ರ ಮೂಡಿತು, ಒಂದು ಕೆಂಪು, ಒಂದು ನೀಲಿ. ಪುಟ್ಟುವಿನ ಯಂತ್ರಗಳನ್ನು ತಂತಿಗೆ ಸಿಕ್ಕಿಸಿದಾಗ ಅವುಗಳ ಕೆಳಗೆ ವರ್ಷಗಳ ಹಿಂದೆ ಹೆಗಡೆಯವರು ಕೂರಿಸಿದ್ದ ಗೆರೆ ಕಾಣಿಸಿತು. ಆ ಗೆರೆಯನ್ನು ಸ್ವಲ್ಪ ಮೇಲಕ್ಕೆ ಎಳೆಯಬೇಕು, ಅಷ್ಟೇ. ಎಷ್ಟು ಎಂಬುದು ಪರೀಕ್ಷೆ ಮಾಡಿದ ಮೇಲೆ ಅವರಿಗೆ ಮಾತ್ರ ಗೊತ್ತಾಗುವ ಸಂಗತಿ. ನಾನು ಮೌಸನ್ನು ಮುಟ್ಟದೆ ಕೈ ಕಟ್ಟಿಕೊಂಡು ನೋಡಿದೆ.

ಕಂಪ್ಯೂಟರನ್ನು ಮನೆಗೆ ಒಯ್ಯುತ್ತೇನೆ ಎಂದೆ. ಜಗದೀಶ ಬಿಡಲಿಲ್ಲ. “ಬೆಳಂಬಾರದಲ್ಲಿ ಕರೆಂಟು ಎಷ್ಟೊತ್ತಿಗೆ ಬತ್ತದೆ, ಎಷ್ಟೊತ್ತಿಗೆ ಹೋಗ್ತದೆ? ಇಲ್ಲಿ ಇನ್ವರ್ಟರ್ ಅದೆ. ನಾ ನೋಡ್ಕಂತೆ, ನಿಂಗೆಂತಕೆ ಚಿಂತೆ?”

“ಇದನ್ನು ಯಾರೂ ಮುಟ್ಟಬಾರದು ಜಗದೀಶ. ಹೆಗಡೆಯವರು ಬರುವ ದಿನ ಇದು ಸರಿಯಾಗಿ ನಡೆಯಬೇಕು. ಇದು ಹೋದರೆ ಪುಟ್ಟುವಿನ ಶಾಲೆ ಹೋದಂತೆ.”

“ಹೌದು ಮಾರಾಯ್ತಿ, ಎಷ್ಟ್ ಸಲ ಹೇಳ್ತೆ!”

ಪರವಾನಗಿಯ ಕಥೆಯನ್ನೂ ಹೇಳಿದೆ. ಅವನು ಗಿರಾಕಿಯ ಕಾಗದ ಝೆರಾಕ್ಸಿಗೆ ಹಾಕುತ್ತ ಹೂಂ ಹೂಂ ಎಂದ. ‘ಮುಟ್ಟಬೇಡಿ’ ಎಂದು ಬರೆದು ಪರದೆಗೆ ಅಂಟಿಸಿದೆ. ನವರಾತ್ರಿಯ ದಿನಗಳಲ್ಲಿ ಕಾರವಾರದಿಂದ ಬಂದವಳು ಮನೆಗೆ ಹೋಗುವ ಮೊದಲು ಅಂಗಡಿಗೆ ಹೊಕ್ಕು, ಒಮ್ಮೆ ಹಚ್ಚಿ, ಎರಡು ಕಿವಿಗಳು ಮೂಡಿದ್ದನ್ನು ನೋಡಿಯೇ ಹೋಗುತ್ತಿದ್ದೆ. “ಅತ್ಗೆ ದೇವ್ರ ದರ್ಶನಕ್ಕೆ ಬಂದ್ಳು,” ಎಂದು ಜಗದೀಶ ಗಿರಾಕಿಗಳೆದುರು ತಮಾಷೆ ಮಾಡುತ್ತಿದ್ದ.

ಆಯುಧ ಪೂಜೆಯ ದಿನ ಇವರಿಗೆ ರಜೆ ಸಿಗಲಿಲ್ಲ. ಅತ್ತೆ, ನಾನು, ಪುಟ್ಟು ಮೂವರೂ ಸಂಜೆ ಅಂಗಡಿಗೆ ಹೋದೆವು. ಬಾಗಿಲಿಗೆ ಮಾವಿನ ತೋರಣ, ನೆಲದ ಮೇಲೆ ರಂಗೋಲಿ. ಝೆರಾಕ್ಸ್ ಯಂತ್ರಕ್ಕೂ ಬೈಕಿಗೂ ಕಾರಿಗೂ ಗೊಂಡೆ ಹೂವಿನ ಮಾಲೆ. ಜಗದೀಶ ಹೊಸ ಅಂಗಿ ತೊಟ್ಟು ಆರತಿಯ ತಟ್ಟೆ ಹಿಡಿದಿದ್ದ. ನನ್ನ ಕಣ್ಣು ಮೂಲೆಗೆ ಹೋಯಿತು.

ಮುದುಕಿಯನ್ನು ಗುರುತಿಸುವಂತಿರಲಿಲ್ಲ. ಹಳದಿಗಟ್ಟಿದ್ದ ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿದ್ದರು. ಪರದೆಗೆ ಅಂಟಿಸಿದ್ದ ನನ್ನ ಚೀಟಿ ಇರಲಿಲ್ಲ. ಫ್ಲಾಪಿ ಹಾಕುವ ಬಾಯಿಯ ಮೇಲೆ ಕುಂಕುಮ, ಬಿಳಿ ಪೆಟ್ಟಿಗೆಯ ಮೇಲೊಂದು ಲಿಂಬೆಹಣ್ಣು. ಪರದೆಯಲ್ಲಿ ಹಸಿರು ಗುಡ್ಡ, ನೀಲಿ ಆಕಾಶ, ಬಿಳಿ ಮೋಡ.

“ಚೀಟಿ ಯಾರು ತೆಗೆದರು?” ನನ್ನ ಬಾಯಿಂದ ಮೊದಲು ಬಂದದ್ದು ಅದು.

“ನಾನೇ,” ಎಂದರು ಅತ್ತೆ. “ಬೆಳಿಗ್ಗೆ ಒರ್ಸೂಕೆ ಬಂದಾಗ ತೆಗ್ದೆ. ಹಬ್ಬದ ದಿನ ಪೂಜೆಗಿಟ್ಟ ವಸ್ತುವಿನ ಮೇಲೆ ‘ಬೇಡ’ ಅಂತ ಬರ್ದಿಡೂದೇನೇ? ನಾಳೆ ಮತ್ತೆ ಅಂಟ್ಸಕೊ.”

ಜಗದೀಶನ ಮುಖ ಅರಳಿತ್ತು. “ಈಗ ಹೇಳೂದೇ ಚೊಲೋ. ನಿಂಗೆ ಗೊತ್ತಾಗೂದು ಬೇಡ ಅಂತ ಮಾಡಿದ್ದೆ ಅತ್ಗೆ. ಹಬ್ಬಕ್ಕೆ ಎಲ್ಲಾ ಸಿಸ್ಟಮ್ಮೂ ಸರ್ವೀಸ್ ಮಾಡ್ಸಿದ್ದೆ. ಹೊಸದಕ್ಕೆ ಬರೇ ಧೂಳು ಹೊಡ್ಸೂದು ಇತ್ತು. ಇದಕ್ಕೇ ಪೂರ್ತಿ ಮಾಡ್ಸಿದ್ದು. ಫಾರ್ಮ್ಯಾಟ್ ಹೊಡ್ಸಿ, ಒಳಗಿನ ಕಸ ಎಲ್ಲಾ ತೆಗ್ಸಿ, ಹೊಸಾ ಎಕ್ಸ್‌ಪಿ ಹಾಕ್ಸಿದ್ದೆ. ಹೆಗಡೇರ ಎದ್ರಿಗೆ ಕೆಮ್ಮಿದ್ರೆ ನಮ್ಮ ಮರ್ವಾದಿ ಅಲ್ವಾ ಹೋಗೂದು? ಈಗ ಕುದ್ರೆ ಓಡ್ದಂಗೆ ಓಡ್ತದೆ, ನೋಡು!”

ನಾನು ಲಿಂಬೆಹಣ್ಣನ್ನು ತೆಗೆದು ಪಕ್ಕಕ್ಕಿಟ್ಟೆ. ಕುರ್ಚಿ ಎಳೆದು ಕೂತು ಹುಡುಕಿದೆ. ಎಲ್ಲ ಕೋಣೆ ಗುಡಿಸಿದ ಹಾಗಿತ್ತು. ಎರಡು ಕಿವಿಗಳು ಎಲ್ಲೂ ಇರಲಿಲ್ಲ. ಫ್ಲಾಪಿಯನ್ನು ಹಾಕಿದೆ. ಕುಂಕುಮದ ಪುಡಿ ಒಳಗೆ ಹೋಗಿತ್ತೇನೋ, ಮೊದಲ ಸಲ ಓದಲಿಲ್ಲ. ಒರೆಸಿ ಹಾಕಿದಾಗ ಓದಿತು. ಪರವಾನಗಿ ಇಲ್ಲ ಎಂದಿತು.

“ಮುಟ್ಟಬೇಡ ಎಂದಿದ್ದೆನಲ್ಲ ಜಗದೀಶ.”

“ನಾ ಎಲ್ಲಿ ಮುಟ್ಟಿದ್ದೆ? ಮೆಕ್ಯಾನಿಕ್ಕನ ಹತ್ರ ಮಾಡ್ಸಿದ್ದು!” ಎಂದು ನಕ್ಕವನು ನನ್ನ ಮುಖ ನೋಡಿ ನಿಲ್ಲಿಸಿದ. “ಮತ್ತೆ ಹಾಕುಕೆ ಬತ್ತದಲ್ಲ? ಫ್ಲಾಪಿ ಅದ್ಯಲ್ಲ?”

“ಹೇಳಿದ್ದೆ. ಫ್ಲಾಪಿ ಖಾಲಿ ಎಂದು ಹೇಳಿದ್ದೆ.”

ನಾನು ಕೂಗಿರಲಿಲ್ಲ. ಆದರೂ ಅತ್ತೆ ಸುತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು. “ಆರತಿ ತಟ್ಟೆ ಎದ್ರಿಗೆ ಕಣ್ಣೀರು ಹಾಕಬಾರ್ದು ಕೂಸೆ. ಅವ ಎಂತಾ ಬೇಕಂತ ಮಾಡಿದ್ನೆ? ನಿಂಗೆ ಅಂತ್ಲೇ ಮಾಡ್ದವ.” ಪುಟ್ಟು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಕಣ್ಣು ಓಡಿಸುತ್ತ ನಿಂತಿದ್ದಳು. ಜಗದೀಶ ಆರತಿ ಬೆಳಗಿದ. ನಾನೂ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಅವನು ಬನ್ನಿ ಎಲೆ ಹಿಡಿದು ಮನೆಗೆ ಬಂದ. ಅತ್ತೆಗೆ ಕೊಟ್ಟು ಕಾಲಿಗೆ ಬಿದ್ದ. ನನ್ನೆದುರು ನಿಂತು ಎಲೆ ಚಾಚಿ, “ಬಂಗಾರ ತಕ ಅತ್ಗೆ,” ಎಂದ. ದನಿ ಸಣ್ಣದಾಗಿತ್ತು. ಬನ್ನಿ ಕೊಟ್ಟು ತಕ್ಕೊಂಡ ಮೇಲೆ ಹಿಂದಿನದು ಮನಸ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನಮ್ಮಲ್ಲಿಯ ರೀತಿ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತಕ್ಕೊಂಡೆ. ಅವನು ಬಗ್ಗಿದಾಗ ತಲೆಯ ಮೇಲೆ ಕೈಯಿಟ್ಟೆ. ಅಲ್ಲಿಗೆ ಎಲ್ಲರ ಲೆಕ್ಕದಲ್ಲಿ ಆ ವಿಷಯ ಮುಗಿಯಿತು. ಅವನು ಹಗುರಾಗಿ ಹೋಳಿಗೆ ಉಂಡು ಹೋದ.

ಹೆಗಡೆಯವರು ಹೇಳಿದಂತೆ ಬಂದರು, ಕಡ ತಂದ ಉಪಕರಣದ ಸಮೇತ. ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕೂತರು. ಅಳಿಸಿದ್ದನ್ನು ಎತ್ತುವ ಪ್ರೋಗ್ರಾಮುಗಳ ಬಗ್ಗೆ ನಾನು ಓದಿಕೊಂಡು ಬಂದಿದ್ದೆ, ಹೇಳಿದೆ. “ಫೈಲು ಎತ್ತಬಹುದು ಅಮ್ಮಾ. ಪರವಾನಗಿ ಫೈಲಲ್ಲ. ಅದು ಹೋಯ್ತು,” ಎಂದರು. ಉಪಕರಣ ತಂದದ್ದಾಗಿದೆ ಎಂದು ಪುಟ್ಟುವಿನ ಕಿವಿ ಪರೀಕ್ಷೆ ಮಾಡಿದರು. ನಾವು ಅಂದುಕೊಂಡದ್ದಕ್ಕಿಂತ ಕಮ್ಮಿ ಇಳಿದಿತ್ತು.

“ಯಂತ್ರದಲ್ಲಿ ಸದ್ದು ಏರಿಸ್ಲಿಕ್ಕೆ ಇನ್ನೂ ಬೇಕಾದಷ್ಟು ಜಾಗ ಇತ್ತು,” ಎಂದು ಬಾಯಿ ತಪ್ಪಿ ಹೇಳಿದವರು ಕನ್ನಡಕ ತೆಗೆದು ಒರೆಸತೊಡಗಿದರು.

ಜಗದೀಶ ಕೌಂಟರಿಗೆ ಒರಗಿ ನಿಂತಿದ್ದ. ಅಲ್ಲಿಂದಲೇ ಹೇಳಿದ. “ನಂಗೆ ಸಮಾ ಬಿಡ್ಸಿ ಹೇಳ್ಬೇಕಾಗಿತ್ತು ಅತ್ಗೆ. ನೀ ಪುಸ್ತಕದಲ್ಲಿ ಬರ್ದಂಗೆ ಹೇಳ್ತೆ. ನಮ್ಗೆ ಎಲ್ಲಿ ತಿಳಿತದೆ?”

ಸಂಜೆಯೊಳಗೆ ಮನೆಯಲ್ಲಿ ಅದೇ ಮಾತಾಯಿತು. ಇವರೂ ಫೋನಿನಲ್ಲಿ ಅದನ್ನೇ ಕೇಳಿದರು. “ಅವ್ನಿಗೆ ತಿಳಿಯೋ ಹಾಂಗೆ ಹೇಳಿದ್ಯಾ?” ನನ್ನ ಮಾತು ಅಳೆದು ತೂಗಿದ ಮಾತು ಎಂದು ನೆಂಟರೆಲ್ಲ ಹೊಗಳುತ್ತಿದ್ದ ಕಾಲವೊಂದಿತ್ತು.

ಶಾಲೆ ತೆರೆಯುವ ಮೊದಲು ದೊಡ್ಡ ಬಾಯಿಯವರನ್ನು ಕಂಡು ಇನ್ನಷ್ಟು ದಿನ ಕೇಳಿದೆ. ಚಹಾ ಬಂತು.

ಘಟ್ಟದ ಶಾಲೆಗೆ ಬಿಡಲು ಜಗದೀಶನೇ ಕಾರು ತಂದ. ಅಂಗಡಿ ಮುಚ್ಚಿ ಬಂದಿದ್ದ. “ನೋಡು, ಕೂಸಿನ ಮೇಲೆ ಎಷ್ಟು ಜೀವ ಅವ್ನಿಗೆ. ಬಸ್ಸಲ್ಲಿ ಪೆಟ್ಟಿಗೆ ಹೊತ್ಕಂಡು ಹೋಗೂದು ತಪ್ತು,” ಎಂದರು ಅತ್ತೆ. ಇವರು ಅಲ್ಲಿಗೇ ನೇರ ಬರುವವರಿದ್ದರು. ನಾನು, ಪುಟ್ಟು ಹಿಂದೆ ಕೂತೆವು. ಪುಟ್ಟು ಖುಷಿಯಲ್ಲಿದ್ದಳು. ಅಲ್ಲಿ ಎಷ್ಟು ದಿನ ಇರಬೇಕೆಂದು ಅವಳಿಗೆ ನಾನಿನ್ನೂ ಹೇಳಿರಲಿಲ್ಲ. ಹೇಳಲು ಅವಳೆದುರು ಮುಖವಿಟ್ಟು, ತುಟಿ ಬಿಡಿಸಿ, ಒಂದೊಂದೇ ಶಬ್ದ ಹೇಳಬೇಕು. ಅದು ನನ್ನಿಂದ ಆಗಿರಲಿಲ್ಲ.

ಗಂಗಾವಳಿಯ ದಡದ ರಸ್ತೆಯಲ್ಲಿ ಜಗದೀಶ ಹಾಡು ಹಾಕಿದ. ದೊಡ್ಡದಾಗಿ, ನಗಾರಿ ಬಡಿಯುವ ಹಾಡು. ಕಾರಿನ ಬಾಗಿಲೆಲ್ಲ ನಡುಗಿತು. ಪುಟ್ಟು ಬೆಚ್ಚಿ, ಬಾಗಿಲಲ್ಲಿದ್ದ ಸ್ಪೀಕರನ್ನು ಕಂಡುಹಿಡಿದು, ಅದರ ಮೇಲೆ ಅಂಗೈಯಿಟ್ಟಳು. ಬಡಿತಕ್ಕೆ ಸರಿಯಾಗಿ ತಲೆಯಾಡಿಸಿ ನಕ್ಕಳು.

ಜಗದೀಶ ಕನ್ನಡಿಯಲ್ಲಿ ನೋಡಿದ. ಅವನ ಮುಖದಲ್ಲಿ ಹಬ್ಬದ ಸಂಜೆಯ ಅದೇ ಅರಳು. “ಕಂಡ್ಯಾ ಅತ್ಗೆ? ನಾ ಹೇಳೂದಿಲ್ವಾ? ಕೇಳ್ತದೆ ಅವ್ಳಿಗೆ!”

“ಮಾತು ಕೇಳುವುದಿಲ್ಲ,” ಎಂದೆ. “ಇದು ನಗಾರಿ, ಕೈಗೂ ಹೊಡೆಯುತ್ತದೆ. ಮಾತೂ ಕಿವಿಗೆ ಕೇಳುವಂತೆ ಮಾಡುವಂಥದ್ದು ಒಂದಿತ್ತು. ಅದನ್ನು ನೀನು ಅಳಿಸಿಹಾಕಿದೆ. ಬಂದ್ ಮಾಡು.”

ಇದರಲ್ಲಿ ತಿಳಿಯದ ಶಬ್ದ ಒಂದೂ ಇರಲಿಲ್ಲ. ಅವನು ಬಂದ್ ಮಾಡಿದ. ಅವನ ಕಿವಿಯ ತುದಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಅದರಿಂದ ನನಗೇನೂ ಸಿಗಲಿಲ್ಲ.

ಪುಟ್ಟು ಸ್ಪೀಕರಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೈಯಿಟ್ಟು ಕಾದಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ತಾನು ಮುಟ್ಟಿದ್ದಕ್ಕೇ ಅದು ಹಾಳಾಯಿತೆಂದು ತಿಳಿದು, ಕೈ ಹಿಂದೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆ ಕೈಯನ್ನು ನಾನು ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಮುಖ ಅತ್ತ ತಿರುಗಿಸಿದವಳಿಗೆ ನಾನು ಏನು ಹೇಳಿದರೂ ತಲುಪುವಂತಿರಲಿಲ್ಲ.